ತಂಗಿಗೆ ಇತ್ತ ರಕ್ತ

ವಿಶ್ವಾವಸು ಸಂವತ್ಸರ, ಭಾದ್ರಪದ ಶುದ್ಧ ತದಿಗೆ, ಮಂಗಳವಾರ.

ಹಳೇಕೋಟೆಗೆ ಹೋಗಿ ತಂಗಿ ತಾಯಮ್ಮನಿಗೆ ಗೌರಿಯ ಬಾಗಿನವನ್ನಿತ್ತು ಬಂದೆ. ಅವಳ ಯಕೃತ್ತು ಕುಗ್ಗಿ ಹೊಟ್ಟೆಯಲ್ಲಿ ನೀರು ತುಂಬಿದೆ. ಚೊಚ್ಚಲ ಹೆರಿಗೆಯಲ್ಲಿ ಅವಳಿಗೆ ರಕ್ತವನ್ನಿತ್ತವನು ನಾನು. ಅವಳ ಯಕೃತ್ತನ್ನು ಕೆಡಿಸಿದ ಹೆಪಟೈಟಿಸ್ ಸಿ ಸೋಂಕನ್ನು ರಕ್ತದಲ್ಲಿ ಪತ್ತೆಹಚ್ಚುವ ಪರೀಕ್ಷೆ ಅಂದು ಇರಲಿಲ್ಲ. ಅದೇ ಸೋಂಕು ನನ್ನಲ್ಲಿಯೂ ಇದೆಯೆಂದೂ, ನನ್ನಿಂದಲೇ ಅವಳಿಗೆ ಬಂದಿರಬಹುದೆಂದೂ ಹಾಸನದ ವೈದ್ಯರು ನಿನ್ನೆ ತಿಳಿಸಿದರು. ನನಗೆ ಗುಳಿಗೆಗಳಿಂದ ವಾಸಿಯಾಗುವುದಂತೆ. ಅವಳಿಗೆ ಕಾಲ ಮೀರಿದೆಯಂತೆ.

ಹೇಳಲೆಂದೇ ಹೋಗಿದ್ದೆ. ಬಾಗಿನದ ಮೊರವನ್ನು ಮಡಿಲಿಗೆಳೆದುಕೊಂಡು ನಕ್ಕಳು: "ನಿನ್ ರಗ್ತ ಗಟ್ಟಿ ಕಣಣ್ಣಯ್ಯ, ಇಷ್ಟು ವರ್ಸ ನಡುಸ್ತು. ನೀನ್ಯಾಕೆ ಇಂಗೆ ಸೊರಗೋಗಿದ್ದೀಯ?"

ಪ್ರಯಾಣದ ಆಯಾಸವೆಂದೆ. ಗೌರಿಯ ಸನ್ನಿಧಿಯಲ್ಲಿಯೇ ಸುಳ್ಳಾಡಿದೆ.

ಗುಳಿಗೆಗಳನ್ನು ದೇವರ ಮುಂದಿಟ್ಟಿದ್ದೇನೆ, ಇನ್ನೂ ಬಿಚ್ಚಿಲ್ಲ. ಅವಳಿಗೆ ಒದಗದ ಆರೋಗ್ಯವನ್ನು ನಾನೊಬ್ಬನೇ ಹೇಗೆ ಪಡೆಯಲಿ?