ಖಾಲಾ ಕೊಟ್ಟದ್ದು

ಕುಷ್ಟಗಿ
14 ಸೆಪ್ಟೆಂಬರ್ 2025

ಪ್ರೀತಿಯ ಮುನ್ನಿ ಆಪಾಗೆ,

ನಿನ್ನ ತಂಗಿಯ ಸಲಾಮ್. ತಡವಾಯಿತು, ಮಾಫ್ ಮಾಡು. ಈ ಕಾಲದಲ್ಲಿ ಪತ್ರ ಯಾರು ಬರೀತಾರೆ ಎಂದು ನಗಬೇಡ. ಫೋನಿನಲ್ಲಿ ನಿನ್ನ ದನಿ ಕೇಳಿದರೆ "ಎಲ್ಲಾ ಛಲೋ ಐತಿ" ಎಂಬ ಸುಳ್ಳೇ ಬಾಯಿಗೆ ಬರುತ್ತದೆ.

ಹೊಲಿಗೆ ಹಾಕಿದ ಜಾಗ ಇನ್ನೂ ನೋಯುತ್ತದೆಯೇ? ತುಂಬಿದ ಕೊಡ ಎತ್ತಬೇಡ. ನಿನಗೀಗ ಒಂದೇ ಕಿಡ್ನಿ ಎಂಬುದು ನಿನಗಿಂತ ನನಗೇ ಹೆಚ್ಚು ನೆನಪಿರುತ್ತದೆ. ಇಲ್ಲಿ ದಾಳಿಂಬೆ ಕೊಯ್ಲು ನಡೆದಿದೆ. ರಕ್ತ ಆಗುತ್ತದೆಂದು ಬಂದವರೆಲ್ಲ ನನ್ನ ಮಗಳು ಜೋಹರಾಗೆ ದಾಳಿಂಬೆಯನ್ನೇ ತರುತ್ತಾರೆ, ಅದೂ ದಾಳಿಂಬೆ ತೋಟದವರ ಮನೆಗೆ. ನಗು ಬರಬೇಕಿತ್ತು, ಬರಲಿಲ್ಲ. ಅಳುವೂ ಬರುವುದಿಲ್ಲ.

ಅವಳ ಖಾಲಾ ಆದ ನೀನು ಕೊಟ್ಟ ಕಿಡ್ನಿ ಅವಳ ಮೈಗೆ ಕೂಡಿಕೊಂಡರೆ ಮೊಹರಮ್ಮಿಗೆ ಮೊಮ್ಮಗಳನ್ನು ಫಕೀರ ಮಾಡುತ್ತೇನೆಂದು ಅತ್ತೆ ಹರಕೆ ಹೊತ್ತಿದ್ದರಲ್ಲ. ಜೋಹರಾ, ನಿನ್ನ ಮಗ ಖಲಂದರ ಇಬ್ಬರೂ ಕೊರಳಿಗೆ ಕೆಂಪು ಲಾಡಿ ಕಟ್ಟಿಕೊಂಡು ಐದು ಮನೆ ಬೇಡಿ ಬಂದರು. ಡಾಕ್ಟರ ಮಾತಿನಂತೆ ಅವಳಿಗೆ ಮಾಸ್ಕ್ ಹಾಕಿದ್ದೆ. ಮನೆಗೆ ಬಂದ ಮೇಲೆ ಅತ್ತೆ, "ಫಕೀರರು ಒಂದ ತಾಟಿನ್ಯಾಗ ಉಣಬೇಕು, ತಗೀವಾ ಆ ಮಾಸ್ಕ್" ಎಂದರು. ಒಂದೇ ಚೊಂಗೆಯ ಸಿಹಿ ರೊಟ್ಟಿಯನ್ನು ಇಬ್ಬರೂ ಕಚ್ಚಿ ಕಚ್ಚಿ ತಿಂದರು. ನೀವು ಕಿನ್ನಾಳಕ್ಕೆ ಮರಳಿದ ವಾರದಲ್ಲೇ ಖಲಂದರನ ಕೆಂಪು ಕೆನ್ನೆಯ ಫೋಟೋ ನೀನು ಕಳಿಸಿದೆ. ನಿಮ್ಮೂರ ಗೊಂಬೆಗೆ ಬಣ್ಣ ಬಳಿದ ಹಾಗಿದೆ ಎಂದು ನಾವೆಲ್ಲ ನಕ್ಕೆವು.

ಆಮೇಲೆ ಜೋಹರಾ ಬಿಳಿಚಿಕೊಂಡಳು. ರಕ್ತ ಏರಿಸಿದಷ್ಟೂ ಇಳಿಯಿತು. ಅದೊಂದು ವೈರಸ್ಸಂತೆ. ಬೇರೆ ಮಕ್ಕಳಿಗೆ ಕೆನ್ನೆ ಕೆಂಪಾಗಿ ವಾಸಿಯಾಗುತ್ತದೆ, ಬೇರೆಯವರ ಕಿಡ್ನಿ ಹಾಕಿಸಿಕೊಂಡ ಇಂಥವರಿಗೆ ಹೊಸ ರಕ್ತ ಹುಟ್ಟುವುದನ್ನೇ ನಿಲ್ಲಿಸಿಬಿಡುತ್ತದೆ. ಕೆನ್ನೆ ಕೆಂಪಾಗುವ ಮೊದಲೇ ಅಂಟುತ್ತದಂತೆ. ಮೈಯ ಕಾದಾಡುವ ಶಕ್ತಿ ತಗ್ಗಿಸಿ ಕಿಡ್ನಿ ಕಾಯುವ ಗುಳಿಗೆ ಕಡಿಮೆ ಮಾಡಿದರೆ ಮೈ ವೈರಸ್ಸಿನ ಜೊತೆ ಕಾದಾಡುತ್ತದೆ, ಆದರೆ ಕಿಡ್ನಿಯ ಮೇಲೂ ತಿರುಗಿ ಬೀಳಬಹುದು ಎಂದರು ಡಾಕ್ಟರು. ಬೇರೆ ದಾರಿ ಇರಲಿಲ್ಲ, ಹೂಂ ಅಂದೆವು. ಈಗ ರಕ್ತ ಏರಿದೆ. ತುಟಿಗೆ ಬಣ್ಣ ಬಂದಿದೆ.

ಅಲ್ಲಾಹ ನಿನ್ನ ಮೈ ಗಟ್ಟಿಯಾಗಿಡಲಿ. ಖಲಂದರನಿಗೆ ಚಿಕ್ಕಮ್ಮನ ಮುದ್ದು ಹೇಳು.

ನಿನ್ನ ತಂಗಿ
ತಸ್ಲೀಮಾ

ತಾ.ಕ.: ಮನೆಗೆ ಕೆನ್ನೆ ಕೆಂಪಾದ ಮಗು ಬಂದಿತ್ತೇ ಎಂದು ಡಾಕ್ಟರು ಕೇಳಿದಾಗ, ಇಲ್ಲ ಎಂದೆ. ಖಲಂದರನ ಕಿವಿಗೆ ಇದು ಎಂದೂ ಬೀಳಬಾರದು. ಆಪಾ, ನೀನು ಕೊಟ್ಟ ಕಿಡ್ನಿ ಉಳಿಯಲಿಲ್ಲ. ಮತ್ತೆ ಡಯಾಲಿಸಿಸ್ ಶುರುವಾಗಿದೆ. ನಿನ್ನೆ ಜೋಹರಾ ಕೇಳಿದಳು, "ಅಮ್ಮೀ, ನನಗ ನಡೀಲಿಲ್ಲಂದ್ರ ಖಾಲಾಗ ಹೊಳ್ಳಿ ಕೊಡೂಣೇನು?"

ಹೂಂ ಅಂದೆ.