ಲಾಳಿ ಡಾವು

ರಬಕವಿ
ಸೋಮವಾರ, ೧೮ ಆಗಸ್ಟ್ ೨೦೨೫

ನನ್ನ ಹುಲಿಮರಿ, ಮೊಮ್ಮಗಳೇ ಸಂಧ್ಯವ್ವಾ, ಮುತ್ತ್ಯಾ ಎದುರಿಗೇ ಕೂತು ನಿನ್ನ ನೆತ್ತಿ ಸವರುತ್ತಿದ್ದಾನೆ ಎಂದುಕೊಂಡು ಇದನ್ನು ಓದು.

ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ಪುಣೆಯ ಸ್ಟುಡಿಯೋದಲ್ಲಿ ದಿನಕ್ಕೆ ನಲವತ್ತು ಸಲ ಬೀಳುತ್ತೇನೆ, ನಲವತ್ತು ಸಲ ಏಳುತ್ತೇನೆ ಅಂದಿದ್ದೆ. ಬೀಳುವಾಗ ಗದ್ದ ಎದೆಗೆ ಒತ್ತಿರಬೇಕು, ಮರೆಯಬೇಡ. ಕೆಳಗೆ ಹಾಸಿದ್ದು ಎಷ್ಟೇ ಮೆತ್ತಗಿರಲಿ, ಕುತ್ತಿಗೆ ಅದನ್ನು ನಂಬಬಾರದು. ನಿನ್ನ ಆಯಿ ಎಳ್ಳೆಣ್ಣೆ ಕಾಯಿಸಿ ಬಾಟಲಿಗೆ ತುಂಬಿಟ್ಟಿದ್ದಾಳೆ, ಆ ಕಡೆ ಹೋಗುವವರು ಯಾರಾದರೂ ಸಿಕ್ಕರೆ ಕಳಿಸುತ್ತೇನೆ. ನನ್ನ ಮೈ ಗಟ್ಟಿಯಾಗಿದೆ. ಮಗ್ಗದ ಬೀಮು ಬಿದ್ದು ಮುರಿದ ಎಡಗಾಲಿನ ಹೆಬ್ಬೆರಳು ಮಾತ್ರ ಮಳೆ ಹಿಡಿದರೆ ಹಳೆಯ ಸಿಟ್ಟು ತೀರಿಸಿಕೊಳ್ಳುತ್ತದೆ. ಆಯಿಯೂ ಚೆನ್ನಾಗಿದ್ದಾಳೆ, ಬೈಗುಳಕ್ಕೆ ಒಂದು ದಿನವೂ ರಜೆ ಕೊಟ್ಟಿಲ್ಲ. ಈ ವಾರದ ಬೈಗುಳ ನನ್ನ ಅಂಗಿಯ ಮೇಲೆ. “ನಾಕ ದಿನಾ ಆತು, ಆ ಅಂಗಿ ಒಗ್ಯಾಕ ಹಾಕವಲ್ರಿ. ಹೆಗಲಮ್ಯಾಲ ನೋಡ್ರಿ ಎಷ್ಟ ಮಣ್ಣು. ಎಮ್ಮಿ ಆಗೀರೇನು?” ಎನ್ನುತ್ತಾಳೆ. ಅಂಗಿಯ ವಿಷಯ ಇರಲಿ.

ನಿನ್ನ ಮೆಸೇಜು ಕಂಡೆ. ನಿನ್ನ ವಿಡಿಯೋ ಗೇಮಿನ ಆಟ ಬಿಡುಗಡೆಯಾಗುವ ದಿನ ನನ್ನ ಮಾತಿನ ವಿಡಿಯೋ ಒಂದನ್ನೂ ತೋರಿಸುತ್ತಾರಂತೆ. ನನ್ನ ಕುಸ್ತಿಯ ಪಟ್ಟು ಲಾಳಿ ಡಾವು ಹುಟ್ಟಿದ ಕತೆಯನ್ನು, ಜಮಖಂಡಿಯ ಕುಸ್ತಿಯನ್ನು ನಾನೇ ಹೇಳಬೇಕಂತೆ. ಇಪ್ಪತ್ತೈದರೊಳಗೆ ಹ್ಞೂಂ ಅನ್ನು ಮುತ್ತ್ಯಾ ಎಂದು ಬರೆದಿದ್ದೀ. ಲಕ್ಷಾಂತರ ಮಂದಿ ನಿನ್ನ ಮುತ್ತ್ಯಾನನ್ನು ನೋಡುತ್ತಾರೆ ಎಂದೂ ಬರೆದಿದ್ದೀ. ಇದಕ್ಕೆ ಫೋನಿನಲ್ಲಿ ಉತ್ತರ ಹೇಳಲು ನನ್ನಿಂದಾಗಲಿಲ್ಲ. ಮೂರು ಸಲ ಹಚ್ಚಿ ಮೂರು ಸಲವೂ ಮೊಣಕಾಲಿನ ಸುದ್ದಿ ಕೇಳಿ ಇಟ್ಟೆ. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಆಟಕ್ಕೆ ಮೂಲವಾದ ಕಾದಂಬರಿಯ ಐದನೆಯ ಭಾಗಕ್ಕೆ ಇನ್ನು ಐವತ್ಮೂರು ದಿನ. ಮೂರು ಸಲ ದಿನಾಂಕ ಮುಂದೆ ಹಾಕಿದವರು ಈಗ ಅಕ್ಟೋಬರ್ ಹತ್ತು ಎಂದು ಅಚ್ಚು ಹಾಕಿಸಿದ್ದಾರೆ, ಪುಸ್ತಕವೂ ಅಂದೇ, ನಿನ್ನ ಆಟವೂ ಅಂದೇ. ನೂಲಿನ ಗಂಟಿನ ಚೀಟಿ ಓದಿ ಅಕ್ಷರ ಕಲಿತ ನನ್ನಂಥವನಿಗೆ ಆರುನೂರು ಪುಟದ ರಾಕ್ಷಸರ ಕತೆಯ ಹುಚ್ಚು ಹಿಡಿಸಿದವಳು ನೀನೇ. ಅನುಭವಿಸು. ನಾಲ್ಕನೆಯ ಭಾಗದ ಕೊನೆಯ ಅಧ್ಯಾಯವನ್ನು ಮೊನ್ನೆ ಹನ್ನೊಂದನೆಯ ಸಲ ಓದಿದೆ. ಕರಿಮಂಡಲದ ಕೋಟೆ ಬಿದ್ದಿದೆ. ಕಂದಕದಲ್ಲಿ ನೀರಿಗಿಂತ ರಕ್ತ ಹೆಚ್ಚು. ಕಿವಿ ಹರಿದ, ಪಕ್ಕೆಯಲ್ಲಿ ಬಾಣ ಮುರಿದ ರಾಣಿ ಸಿಡಿಲಿ ಹೆಣಗಳನ್ನು ತುಳಿದುಕೊಂಡು ತನ್ನ ಗುರು ಭೈರೋಜನನ್ನು ಹುಡುಕಿ ಬರುತ್ತಾಳೆ. ಪ್ರಾಯದಲ್ಲಿ ಅವನು ಹೆಸರು ಗಳಿಸಿದ ಆ ಒಂದು ದ್ವಂದ್ವಯುದ್ಧದಲ್ಲಿ ಕತ್ತಿಗೆ ವಿಷ ಸವರಿದ್ದ ಎಂಬುದು ಅವಳಿಗೆ ಅಂದೇ ಗೊತ್ತಾಗಿದೆ. ತಾನು ಕಲಿತ ವಿದ್ಯೆಯೆಲ್ಲ ಆ ಮೋಸದ ಗೆಲುವಿನ ಮೇಲೆ ನಿಂತದ್ದು ಎಂದು ತಿಳಿದಿದೆ. ಮುದುಕ ಮೊಣಕಾಲೂರಿ ಕುತ್ತಿಗೆ ಬಾಗಿಸುತ್ತಾನೆ. ಅವಳು ಕತ್ತಿ ಎತ್ತುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯಿತು. ಆರು ವರ್ಷದಿಂದ ಆ ಕತ್ತಿ ಎತ್ತಿದಲ್ಲೇ ಇದೆ, ಅದರ ಕೆಳಗೆ ಆ ಮುದುಕನ ಕುತ್ತಿಗೆಯೂ ಇದೆ. ಇದನ್ನು ಆಯಿಗೆ ಹೇಳಿದೆ. ನಮ್ಮ ಕಡೆ ಕತ್ತೆಗೂ ಕತ್ತಿ ಎಂದೇ ಅಲ್ಲವೇ, ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಕತ್ತೀನ ಯಾಕ ಎತ್ತಿದ್ಲರೀ ಆಕಿ? ಒದ್ದು ಹಲ್ಲ ಉದುರಿಸ್ತೈತಿ” ಎಂದಳು. ನಾನು ನಕ್ಕೆ, ಆದರೆ ಆ ರಾತ್ರಿ ಊಟ ಸೇರಲಿಲ್ಲ. ಸಿಡಿಲಿ ಕಡಿಯುತ್ತಾಳೋ, ಕತ್ತಿ ಕೆಳಗಿಡುತ್ತಾಳೋ? ನನಗೆ ಗೊತ್ತಾಗಬೇಕಾದದ್ದು ಅದೊಂದೇ.

ನಿನ್ನ ಆಟದ ಎರಡು ನಿಮಿಷದ ಟ್ರೇಲರನ್ನು ಬನಹಟ್ಟಿಯಲ್ಲಿ ಮಗ್ಗ ನಡೆಸುವವರೆಲ್ಲ ಫೋನಿನಲ್ಲಿ ಇಟ್ಟುಕೊಂಡಿದ್ದಾರೆ. ಮೈತುಂಬ ಸಣ್ಣ ಗುಂಡಿ ಅಂಟಿಸಿಕೊಂಡು ನೀನು ಹೊಡೆದಾಡುತ್ತೀ, ಸುತ್ತಲಿನ ಕ್ಯಾಮೆರಾಗಳು ಆ ಚಲನೆಯನ್ನು ಹಿಡಿದು ಸಿಡಿಲಿಯ ಮೈಗೆ ತುಂಬುತ್ತವೆ ಎಂದು ನೀನು ವಿವರಿಸಿದಾಗ ನನಗೆ ನಂಬಿಕೆ ಬಂದಿರಲಿಲ್ಲ. ಈಗ ಬಂತು. ಮುಖ ನಿನ್ನದಲ್ಲ, ಕೂದಲು ನಿನ್ನದಲ್ಲ. ಆದರೆ ಆ ಕಬ್ಬಿಣದ ಚಿಪ್ಪಿನ ದೈತ್ಯ ಕೊಡಲಿ ಬೀಸಿಕೊಂಡು ಬಂದಾಗ ಸಿಡಿಲಿ ಎಡ ಹಿಮ್ಮಡಿಯನ್ನು ಚೂರು ಎತ್ತಿದಳು ನೋಡು, ಅಲ್ಲಿ ನನ್ನ ಕಾಲನ್ನೇ ಕಂಡೆ. ಅದು ಮುರಿದ ಹೆಬ್ಬೆರಳಿಗೆ ಭಾರ ಬೀಳಬಾರದೆಂದು ನಾನು ಮಾಡಿಕೊಂಡ ಅಭ್ಯಾಸ. ನಿನಗೆ ಬೆರಳು ನೆಟ್ಟಗಿದ್ದರೂ ನನ್ನನ್ನು ನೋಡಿ ಕಲಿತೆ, ಈಗ ಒಬ್ಬ ರಾಣಿ ನಿನ್ನಿಂದ ಕಲಿತಳು. ಹಾಸಿನ ಎಳೆಗಳ ನಡುವೆ ಲಾಳಿ ತೂರುವ ಹಾಗೆ ದೈತ್ಯನ ಕಂಕುಳ ಕೆಳಗೆ ತೂರಿ, ಬೆನ್ನ ಹಿಂದೆ ಎದ್ದು, ಮಣಿಕಟ್ಟು ಒಂದು ಕೈಗೆ, ಮಂಡಿಯ ಸಂದು ಇನ್ನೊಂದು ಕೈಗೆ. ಎತ್ತಿ ತಲೆಕೆಳಗಾಗಿ ನೆಲಕ್ಕೆ. ಕುತ್ತಿಗೆ ಲಟಕ್ಕನೆ ಮುರಿದ ಸದ್ದನ್ನು ಬೇರೆ ಕೇಳಿಸುತ್ತಾರೆ, ಬಾಯಿಂದ ರಕ್ತ ಬುಳುಬುಳು ಬರುತ್ತದೆ. ಗಿರಣಿ ಹುಡುಗರು ಶಿಳ್ಳೆ ಹೊಡೆದು ಮತ್ತೆ ಮತ್ತೆ ಅಲ್ಲಿಗೇ ತಂದು ನೋಡುತ್ತಾರೆ. ಆ ಸದ್ದು ಹಾಗಿರುವುದಿಲ್ಲ ಸಂಧ್ಯಾ. ಹಸಿ ಕಬ್ಬು ಮುರಿದ ಹಾಗಿರುತ್ತದೆ.

ಜಮಖಂಡಿಯ ಕುಸ್ತಿಯ ಕತೆ ನಿನಗೆ ಬಾಯಿಪಾಠ. ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ನೂರು ಸಲ ಹೇಳಿದ್ದೇನೆ. ೧೯೭೯, ನನಗೆ ಇಪ್ಪತ್ನಾಲ್ಕು. ಎದುರಿಗೆ ತೇರದಾಳದ ಮಲ್ಲಿನಾಥ, ನನಗಿಂತ ಎರಡು ವರ್ಷ ಸಣ್ಣವ, ಒಂದು ಗೇಣು ಎತ್ತರ. ಹಿಂದಿನ ವರ್ಷ ಮುಧೋಳದಲ್ಲಿ ಅವನು ನನ್ನನ್ನು ಚಿತ್ ಮಾಡಿದ್ದ. ನನ್ನ ಎದೆಯ ಮೇಲೆ ಮಂಡಿಯೂರಿದಾಗ ಎರಡು ಪಕ್ಕೆಲುಬು ಬಿರಿದಿದ್ದವು, ತಿಂಗಳುಗಟ್ಟಲೆ ಸೀನಲು ಹೆದರುತ್ತಿದ್ದೆ. ಜಮಖಂಡಿಯಲ್ಲಿ ಹಲಗಿ ಬಡಿತ, ಧೂಳು, ಕಣದ ಸುತ್ತ ಸಾವಿರಾರು ಜನ. ನಾನು ಲಾಳಿಯಂತೆ ತೂರಿದ್ದು, ಅವನ ಮೈ ಗಾಳಿಯಲ್ಲಿ ತಿರುಗಿದ್ದು, ಕುತ್ತಿಗೆ ಮೊದಲು ನೆಲಕ್ಕೆ ಬಿದ್ದದ್ದು, ಅವನ ಕಣ್ಣು ಬಿಳುಪಾಗಿ ಕಾಲು ಮೂರು ಸಲ ಅದುರಿ ನಿಂತದ್ದು, ಎಲ್ಲ ನಿನಗೆ ಗೊತ್ತು. ಜನ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳ್ಳಿ ಕಡಗ ತೊಡಿಸಿದರು. ಅವನನ್ನು ಬಾಗಿಲ ಹಲಗೆಯ ಮೇಲೆ ಹೊತ್ತೊಯ್ದರು. ಜೀವ ಉಳಿಯಿತು, ಎಡಗೈ ಹೋಯಿತು. ಅಂದಿನಿಂದ ಒಂದೇ ಕೈಯಲ್ಲಿ ಕಿರಾಣಿ ಅಂಗಡಿ ನಡೆಸಿದ. ಆ ಕಡಗವೇ ನೀನು ಮೊದಲ ಕುಸ್ತಿ ಗೆದ್ದ ದಿನ ನಾನು ನಿನಗೆ ತೊಡಿಸಿದ್ದು.

ಇನ್ನೊಂದು ಸುದ್ದಿ ನಿನ್ನ ಕಿವಿಗೆ ಬೇರೆಯವರಿಂದ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಶನಿವಾರ ಗ್ರಂಥಾಲಯದಲ್ಲಿ ನಾನೂ ಕೇತಕಿ ಅಕ್ಕೋರೂ ಎಂದಿನಂತೆ ಜಗಳಕ್ಕೆ ಕೂತಿದ್ದೆವು. ನಿವೃತ್ತ ಮೇಡಮ್ಮರಾದರೂ ಐದನೆಯ ಭಾಗದ ವಿಷಯಕ್ಕೆ ನನಗಿಂತ ಹುಚ್ಚು. ಸಿಡಿಲಿ ಕಡಿಯಲೇಬೇಕು, ಇಲ್ಲದಿದ್ದರೆ ಪುಸ್ತಕ ಬಾವಿಗೆ ಎಸೆಯುತ್ತೇನೆ ಎನ್ನುವುದು ಅವರ ಹಟ. ಅಷ್ಟರಲ್ಲಿ ಆಟೋ ಓಡಿಸುವ ಮಾಳು ಒಳಗೆ ಬಂದವನೇ, “ಕಾಕಾ, ನಿಮ್ಮ ಭೈರೋಜನ ಕತಿ ಮುಗೀತ ಬಿಡ್ರಿ. ಕಡೀ ಪುಟ ಫೋನಿನ್ಯಾಗ ಬಂದೈತಿ. ಸಿಡಿಲಿ ರುಂಡಾ ಹಾರಿಸ್ತಾಳ” ಎಂದ. ಆಮೇಲೆ ಏನಾಯಿತೆಂದು ನನಗೇ ತಿಳಿಯಲಿಲ್ಲ. ಎಪ್ಪತ್ತರ ಈ ಮೈ ಅವನ ಕಂಕುಳಲ್ಲಿ ತೂರಿತ್ತು. ಎರಡು ಮಕ್ಕಳ ತಂದೆ ಮಾಳು ಓದುವ ಮೇಜಿನ ಮೇಲಿಂದ ಹಾರಿ ಪತ್ರಿಕೆಗಳ ಸ್ಟ್ಯಾಂಡಿಗೆ ಬಡಿದು ಬಿದ್ದ. ಹುಬ್ಬು ಒಡೆದು ದಿನಪತ್ರಿಕೆಯ ಮೇಲೆಲ್ಲ ರಕ್ತ. ಬಿದ್ದಲ್ಲಿಂದಲೇ ಅವನು, “ಚಾಷ್ಟಿ ಮಾಡಿದ್ನಿರೀ ಕಾಕಾ! ಯಾವ ಪುಟಾನೂ ಬಂದಿಲ್ರೀ!” ಎಂದು ಚೀರಿದ. ಮೂರು ಹೊಲಿಗೆ ಬಿದ್ದಿವೆ. ನಾನೇ ದವಾಖಾನೆಗೆ ಕರೆದೊಯ್ದೆ, ಕಾಲು ಮುಟ್ಟಲು ಹೋದರೆ ಪುಣ್ಯಾತ್ಮ ನಗುತ್ತಾನೆ. ಅವನ ನಗು ನನ್ನನ್ನು ಸುಟ್ಟಿತು. ಅದಕ್ಕಿಂತ ಅಕ್ಕೋರು ರಕ್ತ ಒರೆಸುತ್ತ ಅಂದ ಮಾತು ಸುಟ್ಟಿತು: “ಪೈಲವಾನರ, ಹೊಡೀಲಿಕ್ಕೂ ಒಂದು ರೀತಿ ಅದ ಇಲ್ಲೋ? ಹೇಳದ ಕೇಳದ ಕೈ ಹಾಕಿದ್ರಿ. ಅವಾ ಇನ್ನೂ ಚಪ್ಪಲಿ ಬಿಡ್ಲಿಕತ್ತಿದ್ದ.”

ಕಾಗದ ತುಂಬುತ್ತ ಬಂತು. ನಿನ್ನ ಅವ್ವ ಮಾಯಾ ವಾರಕ್ಕೊಮ್ಮೆಯಾದರೂ ಮುಖ ತೋರಿಸಿ ಮಾತಾಡು ಎಂದು ಹೇಳಿದ್ದಾಳೆ. ಅಕ್ಕೋರು ಆಶೀರ್ವಾದ ತಿಳಿಸಿದ್ದಾರೆ, ಐದನೆಯ ಭಾಗದ ಮೊದಲ ಪ್ರತಿ ನನಗಿಂತ ಮುಂಚೆ ತಮಗೇ ಬರಬೇಕೆಂದೂ ಹೇಳಿದ್ದಾರೆ. ಅದು ಸಾಧ್ಯವಿಲ್ಲ. ಹಾಲು ಕುಡಿ, ಬೆನ್ನು ಮಣ್ಣಿಗೆ ತಾಗದಿರಲಿ, ನಿನ್ನ ಕೈಯಿಂದ ಬಿದ್ದವರೂ ಎದ್ದು ನಿನಗೆ ಒಳ್ಳೆಯದಾಗಲಿ ಎನ್ನುವಂತೆ ಬಾಳು.

ನಿನ್ನ ಮುತ್ತ್ಯಾ
ಗಂಗಾರಾಮ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಹರಿದಿದ್ದೇನೆ. ವಿಡಿಯೋಕ್ಕೆ ನನ್ನ ಉತ್ತರ ಬರೆಯದೆಯೇ ಸಹಿ ಹಾಕಿದೆ ನೋಡು, ಎಂಥ ಹೇಡಿ ನಿನ್ನ ಮುತ್ತ್ಯಾ. ಗುರುವಾರ ಮಲ್ಲಿನಾಥ ಮನೆಗೆ ಬಂದಿದ್ದ. ನಲವತ್ತಾರು ವರ್ಷದಲ್ಲಿ ಮೊದಲ ಸಲ. ತೇರದಾಳದಿಂದ ಒಬ್ಬನೇ ಬಸ್ಸು ಹತ್ತಿ ಬಂದ. ಎಡಗೈ ಒಣಗಿದ ಹೀರೇಬಳ್ಳಿಯಂತೆ ಜೋತಾಡುತ್ತಿತ್ತು. ಆಯಿ ಮಾರ್ಕೆಟ್ಟಿಗೆ ಹೋಗಿದ್ದಳು. ಅಂಗಳದಲ್ಲಿ ಕೂತು ಚಹಾ ಕುಡಿದ, ನಿನ್ನ ಟ್ರೇಲರ್ ತೋರಿಸಿದ. “ಹುಡಿಗಿ ಡಾವ ಛಲೋ ಹಾಕ್ಯಾಳ ಗಂಗಾ. ಖರೆ ಹೇಳ್ತೇನಿ, ನಿನಗಿಂತ ಛಲೋ. ಆದ್ರ ಸಲಾಮಿ ಎಲ್ಲಿ ಐತಿ?” ಎಂದ. ಸಂಧ್ಯಾ, ಜಮಖಂಡಿಯ ಕುಸ್ತಿಯಲ್ಲಿ ಸಲಾಮಿ ಆಗಿರಲಿಲ್ಲ. ಕುಸ್ತಿಗೆ ಮೊದಲು ಮಣ್ಣು ಹಿಡಿದು ಎದುರಾಳಿಯ ಹೆಗಲಿಗೆ ಹಚ್ಚಬೇಕು, ಕೈಗೆ ಕೈ ತಟ್ಟಬೇಕು, ಆಮೇಲೆ ಡಾವು. ಮಗುವಾಗಿದ್ದಾಗ ನಿನಗೆ ನಾನು ಮೊದಲು ಕಲಿಸಿದ್ದೇ ಅದು. ಆ ದಿನ ಅವನು ಮಣ್ಣು ತೆಗೆಯಲು ಬಾಗಿದ್ದ. ತೀರ್ಪು ಕೊಡುವ ಪಂಚ ಯಾರಿಗೋ ಹಾರ ಹಾಕಲು ತಿರುಗಿದ್ದ, ಧೂಳು ಎದ್ದಿತ್ತು. ಸರಿಯಾಗಿ ಆಡಿದರೆ ಸೋಲುತ್ತೇನೆ ಎಂದು ನನಗೆ ಗೊತ್ತಿತ್ತು. ಬಾಗಿದವನ ಕಂಕುಳಿಗೆ ತೂರಿದೆ. ಕೈ ತಟ್ಟಿದ್ದಾಗಿದೆ ಎಂದೇ ಜನ ತಿಳಿದರು. ಹಲಗೆಯ ಮೇಲೆ ಅವನನ್ನು ಹೊತ್ತೊಯ್ಯುವಾಗ ನೋಡಿದೆ, ನನ್ನ ಹೆಗಲಿಗೆಂದು ತೆಗೆದ ಮಣ್ಣು ಇನ್ನೂ ಅವನ ಮುಷ್ಟಿಯಲ್ಲಿತ್ತು. ಅವನು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಗುರುವಾರ ಅವನು ನಮ್ಮ ಅಂಗಳದ ಮಣ್ಣನ್ನು ಚಿಟಿಕೆ ತೆಗೆದು, “ಇದೊಂದು ಹಚ್ಚೂದು ಉಳದಿತ್ತು ನೋಡು” ಎಂದು ನನ್ನ ಹೆಗಲಿಗೆ ಒರೆಸಿ ಬಲಗೈ ಚಾಚಿದ. ನನ್ನ ಕೈ ಏಳಲಿಲ್ಲ. ಚಾಚಿದ ಕೈ ಹಿಂದೆ ತೆಗೆದುಕೊಂಡು ಬಸ್ಸಿಗೆ ಹೋದ. ಎರಡೇ ದಿನಕ್ಕೆ ಮಾಳುವಿನ ಮೇಲೆ ಅದೇ ಕೈ ಎಷ್ಟು ಬೇಗ ಎದ್ದಿತು ನೋಡು.

ಆ ಹಳೆಯ ಕತೆಯನ್ನು ನಾನು ವಿಡಿಯೋದಲ್ಲಿ ಹೇಳಲಾರೆ. ಈ ಕತೆ ಬೇಕಿದ್ದರೆ ಹೇಳುತ್ತೇನೆ, ಪಕ್ಕದಲ್ಲಿ ಮಲ್ಲಿನಾಥನಿದ್ದು ಅವನು ಒಪ್ಪಿದರೆ ಮಾತ್ರ. ನಿಮ್ಮವರಿಗೆ ಇನ್ನೂ ತಿದ್ದಲು ದಿನವಿದ್ದರೆ, ಡಾವಿಗೆ ಮೊದಲು ಸಿಡಿಲಿ ಒಂದು ಸಲ ಬಾಗಿ ಮಣ್ಣು ಮುಟ್ಟಲಿ, ದೈತ್ಯನೂ ಮುಟ್ಟಲಿ. ಆಮೇಲೆ ಬೇಕಾದ್ದು ಮುರಿಯಲಿ. ಕಡಗ ತೆಗೆದಿಡುವುದು, ಬಿಡುವುದು ನಿನ್ನ ಇಷ್ಟ. ಭೈರೋಜನ ತೀರ್ಪಿಗೆ ಅಕ್ಟೋಬರ್‌ವರೆಗೆ ಕಾಯುತ್ತೇನೆ, ನನ್ನದನ್ನು ಅಷ್ಟು ದಿನ ಕಾಯಿಸಬೇಡ. ನಾಳೆ ಮೊದಲ ಬಸ್ಸಿಗೆ ತೇರದಾಳಕ್ಕೆ ಹೊರಟಿದ್ದೇನೆ, ಅವನ ಕೈಗೆ ಕೈ ತಟ್ಟಿ ಬರಲು. ಆಯಿ ಹೊಸ ಅಂಗಿ ತೆಗೆದಿಟ್ಟಿದ್ದಾಳೆ. ನಾನು ಹೆಗಲಿಗೆ ಮಣ್ಣು ಹತ್ತಿದ ಇದನ್ನೇ ಹಾಕಿಕೊಂಡು ಹೋಗುತ್ತೇನೆ.