ಎಡಗೈಯ ಕರಿದಾರ

ನವೆಂಬರ್ 3, 2024, ಭಾನುವಾರ

ಡೇರಿಗೆ ಹಾಲು ಹಾಕಿ ಬಂದೆ. ಇವತ್ತೂ ಫ್ಯಾಟ್ ಕಡಿಮೆ. ಹಸು ಮೇವು ಬಿಡುತ್ತಿದೆ. ಡಾಕ್ಟರಿಗೆ ಫೋನ್ ಮಾಡಬೇಕು.

ಒಲೆ ಹಚ್ಚಿ ಕೂತೆ, ಎದ್ದೆ, ಅಂಗಳಕ್ಕೆ ಹೋದೆ, ಯಾಕೆ ಹೋದೆ ಅಂತ ಮರೆತು ವಾಪಸು ಬಂದೆ. ದಿನವೂ ಹೀಗೇ. ಒಂದು ಕಡೆ ಕೂರಲು ಆಗುವುದಿಲ್ಲ. ನಮ್ಮ ಯಜಮಾನರು ತೀರಿಹೋದದ್ದು ಶಿವರಾತ್ರಿ ಆದ ಮರುವಾರ. ಆ ಸಂಜೆ ಕೊಟ್ಟಿಗೆ ಬಾಗಿಲಿಗೆ ಬಂದು ನಿಂತರು. “ಮಲ್ಲಿಗಾ, ಒಂದ್ ಮಾತ್ ಹೇಳ್ಬೇಕು ಕಣೆ.” ನನ್ನ ಕೈಯಲ್ಲಿ ಹಾಲಿನ ಕ್ಯಾನು. “ಹಾಲಾಕ್ಬುಟ್ಟು ಬತ್ತೀನಿ, ಇರಿ” ಅಂದೆ. ಬಂದಾಗ ಜಗಲಿ ಗೋಡೆಗೆ ಒರಗಿದ್ದರು. ನಿದ್ದೆ ಅಂದುಕೊಂಡು ಕಾಫಿಗಿಟ್ಟೆ.

ಹಾರ್ಟು ಅಂದರು ಡಾಕ್ಟರು.

ಏನು ಮಾತು... ಅದೇ ತಲೆಯಲ್ಲಿ. ಹಸುವಿನ ವಿಷಯಕ್ಕೋ ಮಗಳು ನಯನಳ ಕಾಲೇಜಿನ ವಿಷಯಕ್ಕೋ ಕೊಟ್ಟಿಗೆವರೆಗೆ ಬಂದು ನಿಲ್ಲುವವರಲ್ಲ.

ಮಧ್ಯಾಹ್ನ ಸ್ವರೂಪ್ ಬಂದಿದ್ದ. ಮಳವಳ್ಳಿಯವನು, ಇವರ ಮೇಲೆ ಸಿನಿಮಾ ಮಾಡುತ್ತಿರುವ ಡೈರೆಕ್ಟರು. ಗೆಜ್ಜಲಗೆರೆಯಲ್ಲಿ ಇವರು ಕೆಲಸಕ್ಕಿದ್ದ ಬಣ್ಣದ ಪುಡಿಯ ಫ್ಯಾಕ್ಟರಿ ವಿಷದ ನೀರನ್ನು ಕತ್ತಲಲ್ಲಿ ನಾಲೆಗೆ ಬಿಡುತ್ತಿತ್ತು. ದನ ಸತ್ತವು. ಇವರು ಕದ್ದು ವಿಡಿಯೊ ಮಾಡಿ ಟೀವಿಗೆ ಕೊಟ್ಟರು. ಫ್ಯಾಕ್ಟರಿ ಬಾಗಿಲು ಹಾಕಿತು. ಊರು ಹಾರ ಹಾಕಿತು. ಅದೇ ಕಥೆ.

“ಅಮ್ಮ, ಸಿನಿಮಾ ಕೊನೇಲಿ ನಿಜವಾದ ನೀವೇ ಬರ್ತೀರಿ. ನಾಲೆ ಏರಿ ಮೇಲೆ. ಎರಡೇ ಮಾತು.”

“ನಂಗೆ ಮಾತಾಡಕ್ಕೆ ಬರಕಿಲ್ಲ ಕಣಪ್ಪ.”

“ಅದಕ್ಕೇ ನೀವು ಬೇಕು.”

ಹೂಂ ಅಂದೆ. ನಯನಳಿಗೆ ಆಸೆ.

ನವೆಂಬರ್ 9, ಶನಿವಾರ

ನನ್ನ ಪಾತ್ರ ಮಾಡುವ ಹುಡುಗಿ ಬಂದಿದ್ದಳು. ಅಮೃತ ಅಂತ. ಹಾಲು ಕರೆಯಲು ಕಲಿಸಿ ಅಂದಳು. ಹಸು ಒದೆಯಿತು. ಬಕೆಟು ಒಂದು ಕಡೆ, ಅಮೃತ ಒಂದು ಕಡೆ.

ಆಮೇಲೆ ಕೇಳಿದಳು, “ಅಂಕಲ್ ಹೋದಾಗ ನೀವು ಹೇಗೆ ಅತ್ತಿರಿ?”

“ಅಳ್ಲಿಲ್ಲ. ಕರು ಬಿಚ್ಕೊಂಡಿತ್ತು. ಹಿಡಿಯಕ್ಕೆ ಹೋದೆ.”

ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ನನಗೆ ನಾಚಿಕೆಯಾಯಿತು.

ನವೆಂಬರ್ 17, ಭಾನುವಾರ

ಇವರ ಪಾತ್ರದ ಹೀರೋನ ಕರೆದುಕೊಂಡು ಬಂದರು. ಇವರ ಹಳೇ ಯೂನಿಫಾರ್ಮ್ ಅಂಗಿ ಹಾಕಿಸಿದ್ದರು, ನೀಲಿ. ಬಾಗಿಲಲ್ಲಿ ನಿಂತಾಗ ಒಂದು ಗಳಿಗೆ... ಬೇಡ.

ಬಲಗೈಗೆ ಕರಿದಾರ ಕಟ್ಟಿದ್ದ. ಚಿಕ್ಕರಸಿನಕೆರೆ ದೇವಸ್ಥಾನದ್ದು, ಇವರು ಕಟ್ಟುತ್ತಿದ್ದಂಥದ್ದೇ. ನಾನೇ ಬಾಯಿಬಿಟ್ಟು ಅಂದೆ, “ಎಡಗೈಗೆ ಕಟ್ಕೊಳ್ಳಪ್ಪ.”

“ಗಂಡಸರಿಗೆ ಬಲಗೈ ಅಲ್ವ ಅಮ್ಮ?” ಅಂದ ಸ್ವರೂಪ್.

ಹೌದು, ನಮ್ಮ ಕಡೆ ಗಂಡಸರೆಲ್ಲ ಬಲಗೈಗೇ. ಇವರ ಬಲಗೈ ಮಣಿಕಟ್ಟು ಬಾಯ್ಲರ್ ಹಬೆಗೆ ಬೆಂದಿತ್ತು, ದಾರ ತಾಗಿದರೆ ಉರಿಯುತ್ತಿತ್ತು. ಪೂಜಾರಿ ಎಡಗೈಗೆ ಕಟ್ಟಲು ಒಪ್ಪಲಿಲ್ಲ. ದಾರ ಇಸಿದುಕೊಂಡು ಬಂದು ಮನೆಯಲ್ಲಿ ನಾನೇ ಕಟ್ಟಿದೆ. ಗಂಟು ಬಿಚ್ಚದಿರಲಿ ಅಂತ ಸೂಜಿಯಲ್ಲಿ ಎರಡು ಹೊಲಿಗೆ ಹಾಕಿದ್ದೆ. ಕೈಗೆ ಸಿಕ್ಕಿದ್ದು ಕೆಂಪು ನೂಲು. “ಬಳೆ ಒಂದ್ ಬಾಕಿ” ಅಂತ ನಕ್ಕಿದ್ದರು.

ಸ್ವರೂಪನಿಗೆ ಖುಷಿಯೋ ಖುಷಿ. ಹೀಗೆ ಸಣ್ಣ ಸಣ್ಣದೇ ಬೇಕು ಅಂದ. ಹೀರೋ ಕೈಗೂ ಕೆಂಪು ಹೊಲಿಗೆ ಹಾಕಿಕೊಟ್ಟೆ.

ನವೆಂಬರ್ 21, ಗುರುವಾರ

ಮದ್ದೂರು ಸಂತೆಯಿಂದ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಪುಟ್ಟಮಾದಮ್ಮ ಸಿಕ್ಕಳು. ಅಂಕಯ್ಯನ ಹೆಂಡತಿ. ಅಂಕಯ್ಯ ಇವರ ಜೊತೆಯವನು, ಒಂದೇ ಶಿಫ್ಟು, ನಮ್ಮ ಮನೆಯಲ್ಲಿ ಎಷ್ಟು ಸಲ ಉಂಡಿದ್ದ. ವಿಡಿಯೊದಲ್ಲಿ ಪೈಪಿನ ಗಾಲಿ ತಿರುಗಿಸಿ ನೀರು ಬಿಡುವ ಕೈ ಒಂದು ಕಾಣುತ್ತದೆ. ಯಾರದು ಅಂತ ಪೊಲೀಸರು ಕೇಳಿದಾಗ ಇವರು ಅಂಕಯ್ಯನದು ಅಂದಿದ್ದರು. ಅವನು ಜೈಲಿಗೆ ಹೋಗಿ ಬಂದ. ಈಗ ಹಳೇ ಹೈವೇ ಪಕ್ಕ ಎಳನೀರು ಮಾರುತ್ತಾನೆ. ಹೊಸ ರೋಡು ಆದ ಮೇಲೆ ಆ ಕಡೆ ಕಾರುಗಳೇ ಬರುವುದಿಲ್ಲ.

ಅವಳು ಮಾತು ಬಿಟ್ಟು ಮೂರು ವರ್ಷ. ಇವತ್ತು ತಾನಾಗಿ ಆಡಿದಳು, ಬಸ್ಸಿನವರಿಗೆಲ್ಲ ಕೇಳುವ ಹಾಗೆ.

“ಏನಕ್ಕ, ಪಿಚ್ಚರ್ ಆಯ್ತದಂತೆ? ನಮ್ಮೆಜಮಾನ್ರ ಪಾರ್ಟು ಯಾರ್ ಮಾಡ್ತಾರೆ? ಒಸಿ ನೋಡಕ್ ಚೆಂದಾಗಿರೋನ್ನ ಹಾಕ್ಸವ್ವ. ಇಸ ಬುಡೋ ಮುಖ ಅಂದ್ಬುಟ್ಟು ಯಾವ್ದಾರ ಕಳ್ಳನ್ ಮುಖ ತಂದ್ಬುಟ್ಟಾರು.”

ನಾನು ಸಂತೆ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದೆ.

“ನನ್ ಮಗ್ಳು ಹೇಮಶ್ರೀಗೆ ಬಂದಿದ್ ಗಂಡು ಓಯ್ತು. ಗೊತ್ತಾಯ್ತಾ? ಹುಡ್ಗಿ ಒಪ್ಗೆಯಂತೆ, ಅವ್ರಪ್ಪ ಬ್ಯಾಡ್ವಂತೆ. ಇನ್ ಪಿಚ್ಚರ್ ಬಂದ್ಮೇಲೆ ಕೇಳೋದೇ ಬ್ಯಾಡ. ಊರೂರಲ್ಲೂ ತೋರುಸ್ತಾರೆ.”

ಬಸ್ಸು ಬಂತು. ಅವಳು ಹತ್ತಿದಳು. ನಾನು ಮುಂದಿನ ಬಸ್ಸಿಗೆ ಬಂದೆ.

ಡಿಸೆಂಬರ್ 5, ಗುರುವಾರ

ಶೂಟಿಂಗಿಗೆ ಕರೆದುಕೊಂಡು ಹೋಗಿದ್ದರು. ಮುಚ್ಚಿದ ಫ್ಯಾಕ್ಟರಿಯ ಹಿಂದುಗಡೆ, ನಾಲೆ ಪಕ್ಕ. ಇವರು ಇಷ್ಟು ವರ್ಷ ದುಡಿದ ಜಾಗ, ನಾನು ನೋಡಿದ್ದು ಇವತ್ತೇ.

ಹೀರೋ ಮರೆಯಲ್ಲಿ ನಿಂತು ಫೋನ್ ಹಿಡಿಯಬೇಕು. ಅಂಕಯ್ಯನ ಪಾತ್ರದವನು ಗಾಲಿ ತಿರುಗಿಸಬೇಕು. ಕಬ್ಬಿಣದ ಗಾಲಿ, ಎತ್ತಿನಗಾಡಿ ಚಕ್ರದ ಅರ್ಧದಷ್ಟು. ಅವನು ನಾಟಕದವನು, ದಪ್ಪಗಿದ್ದಾನೆ. ಎಡಗೈಯಲ್ಲಿ ಎಳೆದ. ಜಗ್ಗಲಿಲ್ಲ. ಮತ್ತೆ ಎಳೆದ. ಬೆವರು.

“ಎರಡು ಕೈ ಹಾಕ್ತೀನಿ ಬುಡಿ ಸಾರ್. ಒಂದ್ ಕೈಲಿ ಯಾವನ್ ತಾನೇ ತಿರುಗುಸ್ತಾನೆ ಇದ?”

“ವಿಡಿಯೊದಲ್ಲಿ ಒಂದೇ ಕೈ ಇದೆ ಕಣಣ್ಣ. ಎಡಗೈ. ಹಾಗೇ ಮಾಡು.”

“ಇನ್ನೊಂದ್ ಕೈಲಿ ಏನ್ ಮಾಡ್ತಿದ್ನಂತೆ ಅಂಕಯ್ಯ? ಬೆನ್ ಕೆರ್ಕತಿದ್ನಾ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಅರ್ಧಕ್ಕೆ ನಿಂತಿತು.

ಬಟ್ಟೆಬರೆ ಹೊಂದಿಸುವ ಹುಡುಗಿ ಬಂದು ಸ್ವರೂಪನ ಕಿವಿಯಲ್ಲಿ ಅಂದಳು. ಕಿವಿಯಲ್ಲಿ ಅಂದರೂ ನನಗೆ ಕೇಳಿಸಿತು. “ಸರ್, ಒಂದು ಪ್ರಾಬ್ಲಮ್. ವಿಡಿಯೊದಲ್ಲಿ ಅಂಕಯ್ಯನ ಎಡಗೈಲೂ ಕರಿದಾರ ಇದೆ. ಇಬ್ಬರಿಗೂ ಎಡಗೈಲಿ ಇದ್ರೆ ಜನಕ್ಕೆ ಕನ್‌ಫ್ಯೂಸ್ ಆಗುತ್ತೆ. ಒಬ್ಬರದು ತೆಗೀಲಾ?”

ತೋರಿಸಪ್ಪ ಅಂದೆ. ಟೀವಿಯಲ್ಲಿ ನೋಡಿದ್ದಾಗ ಮಸುಕು ಮಸುಕು, ಕೈಯ ಸುತ್ತ ಟೀವಿಯವರು ಬರೆದ ಕೆಂಪು ಗೆರೆ. ಸ್ವರೂಪನ ಹತ್ತಿರ ಇದ್ದದ್ದು ಇವರ ಫೋನಿನ ಅಸಲಿ ವಿಡಿಯೊ. ದೊಡ್ಡ ಸ್ಕ್ರೀನಿನಲ್ಲಿ ಹಾಕಿದ.

ನೀಲಿ ತೋಳು. ಎಲ್ಲರಿಗೂ ಅದೇ ಯೂನಿಫಾರ್ಮು. ಕೈ ಗಾಲಿಯನ್ನು ಎಳೆಯುತ್ತದೆ. ಎಳೆಯುವಾಗ ಚಿತ್ರವೂ ಜೊತೆಗೇ ಅಲ್ಲಾಡುತ್ತದೆ. ತೋಳು ಹಿಂದೆ ಸರಿಯುತ್ತದೆ. ಕರಿದಾರ. ಗಂಟಿನ ಪಕ್ಕ ಕೆಂಪು.

ನನ್ನ ಹೊಲಿಗೆ.

ಅಮೃತ ನೀರು ಕೊಟ್ಟಳು. ಬಿಸಿಲು ಅಂದೆ.

ಡಿಸೆಂಬರ್ 6

ಹಾಲು ಹಾಕಲಿಲ್ಲ. ಕರುವಿಗೇ ಬಿಟ್ಟೆ.

ಡಿಸೆಂಬರ್ 13, ಶುಕ್ರವಾರ

ಬರೆಯಲು ಕೂತರೆ ಎದ್ದು ಹೋಗುತ್ತೇನೆ. ಇವರ ಫೋಟೊ ಎದುರು ನಿಂತು ಜಗಳ ಆಡಿದೆ. ಬೈದೆ. ಹೂವು ಬದಲಾಯಿಸಿದೆ.

ತಾನೇ ತಿರುಗಿಸಿ, ತಾನೇ ವಿಡಿಯೊ ತೆಗೆದು, ಜೊತೆಯಲ್ಲಿ ಉಂಡವನ ಹೆಸರು ಹೇಳುವುದು. ಯಾರ ಮುಂದೆ ತಲೆಯೆತ್ತಿ ನಡೆದೆನೋ... ಪುಟ್ಟಮಾದಮ್ಮ ಎದುರು ಬಂದಾಗ ನಾನೂ ಮುಖ ತಿರುಗಿಸಿದ್ದೇನೆ, ಅವಳ ಗಂಡ ಪಾಪ ಮಾಡಿದವನು ಅಂತ.

ನಯನ ಮಂಡ್ಯದ ಹಾಸ್ಟೆಲಿನಿಂದ ಫೋನ್ ಮಾಡಿದ್ದಳು. ಲಾ ಓದುತ್ತಿದ್ದಾಳೆ, ಅಪ್ಪನ ಹಾಗಾಗಬೇಕು ಅಂತಲೇ ಸೇರಿದವಳು. ಕ್ಲಾಸಿನವರೆಲ್ಲ ಸಿನಿಮಾಕ್ಕೆ ಬರುತ್ತಾರಂತೆ. ಯಾವ ಸೀರೆ ಉಡುತ್ತೀಯ ಅಂದಳು.

ಹೇಳಲಿಲ್ಲ.

ಡಿಸೆಂಬರ್ 15, ಭಾನುವಾರ

ಅಂಕಯ್ಯನ ಹತ್ತಿರ ಹೋಗಿದ್ದೆ. ಮರದಡಿ ಒಂದು ಗಾಡಿ, ಕೂರಲು ಒಂದು ಕಲ್ಲು. ಗಿರಾಕಿ ಯಾರೂ ಇರಲಿಲ್ಲ. ನನ್ನ ಕಂಡು ಮಚ್ಚು ಕೆಳಗಿಟ್ಟ.

“ಅಂಕಣ್ಣ, ಆ ಕೈ ನಿಂದಲ್ಲ.”

ಮಚ್ಚು ಎತ್ತಿಕೊಂಡ. ಒಂದು ಎಳನೀರು ಆರಿಸಿದ. “ಗಂಜಿ ಇರೋದ್ ಕೊಡ್ಲಾ, ಬರೀ ನೀರಿಂದಾ?”

“ನಿಂಗೆ ಗೊತ್ತಿತ್ತಾ?”

“ನನ್ ಕೈ ನಂಗ್ ಗೊತ್ತಿಲ್ವಾ ಕಣಮ್ಮ. ನಾನ್ ಅವಾಗ ಕ್ಯಾಂಟೀನಲ್ಲಿ ಮುದ್ದೆ ಉಣ್ತಿದ್ದೆ.”

“ಮತ್ತೆ ಯಾಕ್ ಸುಮ್ನಿದ್ದೆ?”

“ಎಲ್ಲಿ ಸುಮ್ನಿದ್ದೆ? ಪೋಲೀಸ್ರಿಗೂ ಏಳ್ದೆ, ಲಾಯರ್ಗೂ ಏಳ್ದೆ.” ಕೆತ್ತಿದ, ತಿರುಗಿಸಿದ, ಕೆತ್ತಿದ. “ಆದ್ರೆ ಬ್ಯಾರೆ ದಿನ ನಾನೂ ತಿರುಗ್ಸಿದ್ನಲ್ಲ. ಎಲ್ರೂ ತಿರುಗುಸ್ತಿದ್ವಿ, ಮ್ಯಾನೇಜರ್ ಅಂದಾಗ. ಅದ್ಕೇ ನಾನಲ್ಲ ಅಂತ ಗಟ್ಟಿಯಾಗ್ ಅನ್ನಕ್ಕೆ ಬಾಯೇ ಬತ್ತಿರ್ಲಿಲ್ಲ. ಮೆತ್ತಗಂದ್ರೆ ಯಾರ್ ಕೇಳ್ತಾರೆ.”

ಎಳನೀರು ಕೊಟ್ಟ. ಹಿಡಿದುಕೊಂಡು ಕೂತೆ.

“ನಿಮ್ಮೆಜಮಾನ ಸಿದ್ದರಾಮು ಬಂದಿದ್ದ. ಶಿವರಾತ್ರಿ ಆದ್ಮೇಲೆ. ನೀನ್ ಕೂತಿದ್ದೀಯಲ್ಲ, ಅದೇ ಕಲ್ ಮ್ಯಾಲೆ ಕೂತ. ‘ನಂದೇ ಕೈ ಅಂದಿದ್ರೆ ಕಂಪ್ನಿಯೋರು ನನ್ನೇ ಹಿಡ್ಕೊಡ್ತಿದ್ರು, ವಿಡಿಯೊ ಮೂಲೆಗ್ ಬೀಳ್ತಿತ್ತು, ಅದ್ಕೇ ನಿನ್ನೆಸ್ರು ಏಳ್ಬುಟ್ಟೆ ಕಣ್ಲಾ’ ಅಂದ. ಅಳ್ತಿದ್ದ. ಪೇಪರ್ನೋರ್ನ ಕರ್ದು ಏಳ್ಬುಡ್ತೀನಿ ಅಂದ. ‘ಓಗು, ಈಗ್ಲೇ ಓಗು’ ಅಂತ ಬೈದೆ. ‘ಮೊದ್ಲು ಮಲ್ಲಿಗಂಗ್ ಏಳ್ಬೇಕು ಕಣ್ಲಾ, ಇವತ್ ಸಂಜೇಗೇ ಏಳ್ತೀನಿ’ ಅಂದ.”

ರಸ್ತೆ ನೋಡುತ್ತ ಅಂದ, “ಬೆಳಿಗ್ಗೆ ಸುದ್ದಿ ಬಂತು. ಇನ್ ಯಾರ್ತಾವ ಕೇಳ್ಲಿ?”

ಕ್ಯಾನು ಕೈಯಲ್ಲಿತ್ತು. ಹಾಲಾಕ್ಬುಟ್ಟು ಬತ್ತೀನಿ ಇರಿ ಅಂದೆ. ಡೇರಿಯಲ್ಲಿ ಕ್ಯೂ ಇತ್ತು. ಮಾತಾಡಿಕೊಂಡು ನಿಂತಿದ್ದೆ.

ಎಳನೀರನ್ನು ಗಾಡಿಯ ಮೇಲಿಟ್ಟೆ. ಎದ್ದಾಗ ಅಂಕಯ್ಯ ಅಂದ, “ಸತ್ತೋನ್ನ ಯಾಕ್ ಎಳೀತೀಯಾ ಬುಡು.”

“ನಿನ್ ಮಗ್ಳು?”

ಕಾಯಿ ಜೋಡಿಸತೊಡಗಿದ.

“ಬರೋ ಭಾನ್ವಾರ ನಾಲೆ ಏರಿ ಮೇಲೆ ನನ್ನ ಮಾತಾಡುಸ್ತಾರೆ. ಇಬ್ರೂ ಬನ್ನಿ” ಅಂದು ಬಂದೆ.

ಡಿಸೆಂಬರ್ 17, ಮಂಗಳವಾರ

ನಯನಳನ್ನು ಕರೆಸಿದೆ. ಹೇಳಿದೆ. ಅರ್ಧ ನಿಂತೇ ಕೇಳಿದಳು, ಆಮೇಲೆ ಹೊಸಿಲ ಮೇಲೆ ಕೂತಳು.

“ಸುಳ್ಳು.”

“ನನ್ ಹೊಲಿಗೆ ನಂಗ್ ಗೊತ್ತಿಲ್ವೇನವ್ವ.”

“ಫ್ಯಾಕ್ಟರಿ ಮುಚ್ಚಿಸಿದ್ದು ಅಪ್ಪಾನೇ ತಾನೇ? ಅದು ನಿಜ ತಾನೇ?”

“ಅದೂ ನಿಜ.”

“ಹಾಗಾದ್ರೆ ಸಿನಿಮಾ ಆಗ್ಲಿ. ಆಮೇಲೆ ಹೇಳಿದ್ರಾಯ್ತು.”

“ಊರೂರಲ್ಲಿ ತೋರ್ಸಾದ್ಮೇಲೆ ಯಾರ್ತಾವ ಹೇಳ್ಲಿ? ಆಮೇಲೆ ಅನ್ಕೊಂಡೇ ನಿಮ್ಮಪ್ಪ ಹೋಗಿದ್ದು. ಇರಿ ಅಂದೋಳು ನಾನು.”

“ನನಗೆ ಇನ್ನೇನು ಉಳೀತು ಅಮ್ಮ? ಅಪ್ಪ ಅಂದ್ರೆ ನನಗೆ ಅದೊಂದೇ ಅಲ್ವಾ.”

ಉಣ್ಣದೆ ಹೋದಳು. ಸಾರು ಹಾಗೇ ಇದೆ. ಅವಳಿಗೆ ಅಂತ ಅವರೆಕಾಳು ಹಾಕಿದ್ದೆ.

ಡಿಸೆಂಬರ್ 20

ನಯನ ಫೋನ್ ಎತ್ತುತ್ತಿಲ್ಲ. ಡಾಕ್ಟರು ಬಂದು ಹಸುವಿಗೆ ಸೂಜಿ ಹಾಕಿ ಹೋದರು. ಮೇವು ಮುಟ್ಟಿತು.

ಸ್ವರೂಪ್ ನಾನು ಹೇಳಬೇಕಾದ ಮಾತು ಕಳಿಸಿದ್ದಾನೆ. ‘ನನ್ನ ಗಂಡ ಯಾರಿಗೂ ಹೆದರಲಿಲ್ಲ.’ ಓದಿ ಓದಿ ನೋಡಿದೆ. ಹೆದರಿದ್ದರು. ಹೆದರಿಕೊಂಡೇ ಒಂದು ಒಳ್ಳೆ ಕೆಲಸ ಮಾಡಿದರು. ಹೆದರಿಕೊಂಡೇ ಒಂದು ಕೆಟ್ಟದ್ದನ್ನೂ.

ಡಿಸೆಂಬರ್ 21, ಸಂಜೆ

ನಯನಳ ಮೆಸೇಜು. ಇಷ್ಟೇ. ‘ನಾಳೆ ಎಷ್ಟು ಹೊತ್ತಿಗೆ?’

ಡಿಸೆಂಬರ್ 22, ಭಾನುವಾರ, ಹತ್ತು ಗಂಟೆ

ನಾಲೆ ಏರಿ. ಕ್ಯಾಮೆರಾ ಜೋಡಿಸುತ್ತಿದ್ದಾರೆ. ಪ್ಲಾಸ್ಟಿಕ್ ಕುರ್ಚಿ ಕೊಟ್ಟಿದ್ದಾರೆ, ಅದರಲ್ಲಿ ಕೂತು ಬರೆಯುತ್ತಿದ್ದೇನೆ. ಕೈ ಸುಮ್ಮನಿರುವುದಿಲ್ಲ, ಅದಕ್ಕೇ.

ಬೆಳಿಗ್ಗೆ ಹಾಲನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದೆ.

ನಯನ ಎಂಟರ ಬಸ್ಸಿಗೆ ಬಂದಳು. ನನ್ನ ಸೀರೆಯ ನೆರಿಗೆ ಸರಿಮಾಡಿದಳು. ಆಮೇಲೆ ಹೋಗಿ ಜೀಪಿನ ನೆರಳಲ್ಲಿ ನಿಂತಳು.

ಅಂಕಯ್ಯ ಬಂದಿದ್ದಾನೆ. ದೂರ, ಹೊಂಗೆಮರದ ಹತ್ತಿರ. ಪುಟ್ಟಮಾದಮ್ಮ ಮಾತ್ರ ನೇರ ನನ್ನ ಹತ್ತಿರ ಬಂದು ನಿಂತಳು. “ಕರುಸ್ದೆ, ಬಂದಿವ್ನಿ. ಬಿರ್ರನೆ ಮುಗ್ಸು. ಎಮ್ಮೆ ಬಿಸ್ಲಲ್ ಕಟ್ಬುಟ್ ಬಂದಿವ್ನಿ.” ಯಾಕೆ ಕರೆದೆ ಅಂತ ಅಂಕಯ್ಯ ಅವಳಿಗೆ ಹೇಳಿಲ್ಲ.

ಸ್ವರೂಪ್ ಬಂದು ಕೇಳಿದ, “ಡೈಲಾಗ್ ಬಾಯಿಗೆ ಬಂತಾ ಅಮ್ಮ?”

“ಅದ್ಬೇಡ ಕಣಪ್ಪ. ನಂದೇ ಹೇಳ್ತೀನಿ.”

“ಸೂಪರ್. ಹೃದಯದಿಂದ ಬರ್ಲಿ.”

ಪಾಪದ ಹುಡುಗ. ಅವನ ಸಿನಿಮಾ ಏನಾಗುತ್ತದೋ.

ಮೈಕಿನ ಹುಡುಗ ಬರುತ್ತಿದ್ದಾನೆ. ಮರೆಯಬಾರದು ಅಂತ ಬರೆದುಕೊಳ್ಳುತ್ತೇನೆ. ಹೇಳುವುದು ಇಷ್ಟೇ. ಅವತ್ತು ಅಂಕಯ್ಯ ಊಟಕ್ಕೆ ಹೋಗಿದ್ದ. ಫೋನ್ ಹಿಡಿದಿದ್ದು ನನ್ನ ಗಂಡನ ಬಲಗೈ. ಗಾಲಿ ತಿರುಗಿಸಿದ್ದು ನನ್ನ ಗಂಡನ...